ಕೂದಲೆಳೆಯಷ್ಟು ಹೆಚ್ಚು

ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಮೆಕ್ಯಾನಿಕನಿಗೆ ಎರಡೇ ವಿಷಯಗಳ ಬಗ್ಗೆ ಜಂಬವಿತ್ತು. ಒಂದು, ಅವನು ಸುತ್ತಿಕೊಟ್ಟ ಮೋಟಾರು ಮತ್ತೆ ಅವನ ಅಂಗಡಿ ಮೆಟ್ಟಿಲು ಹತ್ತಿದ್ದೇ ಇಲ್ಲ. ಇನ್ನೊಂದು, ಹಳೇ ಕಾಲದ ಬಿಳಿಯ ಬ್ಲೂಸ್ ಹಾಡುಗಾರರನ್ನು ತನ್ನಷ್ಟು ಕಿವಿಗೊಟ್ಟು ಕೇಳಿದವರು ಊರಲ್ಲೇ ಇಲ್ಲ. ಬ್ಲೂಸ್ ಎಂಬುದು ಕಪ್ಪು ಜನ ತಮ್ಮ ಸಂಕಟದಿಂದ ಕಟ್ಟಿದ ಹಾಡು ಎಂದು ಅವನಿಗೆ ಚೆನ್ನಾಗಿಯೇ ಗೊತ್ತು; ಆ ಹಿರಿಯರ ರೆಕಾರ್ಡುಗಳೂ ಅವನ ಕಪಾಟಿನಲ್ಲಿದ್ದವು. ಆದರೆ ಜೀವ ಇಟ್ಟುಕೊಂಡಿದ್ದು ಅವರಿಂದ ಕಲಿತ ಬಿಳಿಯರ ಮೇಲೆ. ತಮ್ಮದಲ್ಲದ ಹಾಡಿಗೆ ಮರುಳಾಗಿ, ಅನ್ನ ನೀರು ಮರೆತು, ಅದನ್ನೇ ಉಸಿರು ಮಾಡಿಕೊಂಡ ಆ ಜನ ತನ್ನಂಥವರೇ ಎಂದು ಅವನಿಗೆ ಅನಿಸುತ್ತಿತ್ತು.

ಅಂಗಡಿಯ ಗೋಡೆ ತುಂಬ ಅವರ ಚಿತ್ರಗಳು. ಅವನು ಅವರಿಗೆ ಮನೆಮಂದಿಯ ಹಾಗೆ ಹೆಸರಿಟ್ಟಿದ್ದ: ಟೋಪಿಯಣ್ಣ, ಗಡ್ಡದಣ್ಣ, ಗೊಗ್ಗರು ದನಿಯ ಅಕ್ಕ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ನನಗೆ ಇಷ್ಟೊಂದು ಜನ ಭಾವಂದಿರಿದ್ದಾರೆ ಅಂತ ಮದುವೆಗೆ ಮೊದಲು ಯಾರೂ ಬಾಯಿಬಿಡಲಿಲ್ಲವಲ್ಲ ಎಂದು ಅವಳು ರೇಗಿಸುತ್ತಿದ್ದಳು.

ಮೂವತ್ತು ವರ್ಷ ಅವನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ರೆಕಾರ್ಡು ಹಚ್ಚಿ, ಅದರ ಜೊತೆಗೇ ಗಿಟಾರು ನುಡಿಸಿ ಕಲಿತ. ಗುರುವಿಲ್ಲ, ಜೊತೆಗಾರನಿಲ್ಲ. ತಂತಿಗಳು ಎರಡು ವಾರಕ್ಕೊಂದರಂತೆ ಪಟ್ಟೆಂದು ಹರಿಯುತ್ತಿದ್ದವು. ಈಗಿನ ತಂತಿಗಳಲ್ಲಿ ಕಸುವಿಲ್ಲ ಎಂದು ಅವನು ತಂತಿ ಮಾಡುವವರನ್ನು ಬೈದುಕೊಳ್ಳುತ್ತಿದ್ದ. ಒಮ್ಮೆಯಾದರೂ, ಸಾಯುವುದರೊಳಗೆ ಒಮ್ಮೆ, ಜೀವವಿರುವ ಇನ್ನೊಬ್ಬ ಮನುಷ್ಯನ ಜೊತೆ ನಾಲ್ಕು ಜನರ ಮುಂದೆ ನುಡಿಸಬೇಕು ಎಂಬುದು ಅವನ ಆಸೆ. ಅದನ್ನು ಹೆಂಡತಿಯ ಹತ್ತಿರವೂ ಅರ್ಧಂಬರ್ಧ ಹೇಳಿದ್ದನಷ್ಟೆ.

ಆ ಕಾಲ ಕೂಡಿಬಂತು. ರೆಕಾರ್ಡ್ ಅಂಗಡಿ ನಡೆಸುವ ಅಕ್ಕ ಅಂಗಡಿಗೆ ಐವತ್ತು ತುಂಬಿದ್ದಕ್ಕೆ ಭಾನುವಾರ ಮಧ್ಯಾಹ್ನ ಗಿರಾಕಿಗಳಿಂದಲೇ ಹಾಡಿಸುತ್ತೇನೆಂದು ಸಾರಿದಳು. ಮೆಕ್ಯಾನಿಕನ ಹೆಸರನ್ನೂ ಕ್ಷೌರಿಕನ ಹೆಸರನ್ನೂ ಕೇಳದೆಯೇ ಬರೆದುಕೊಂಡಳು. ಕ್ಷೌರಿಕ ಅವನ ಹಳೇ ಗೆಳೆಯ, ಅದೇ ಹುಚ್ಚಿನವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕನ್ನಡಿಯ ಮುಂದೆ ಕೂತು ಮೌತ್ ಆರ್ಗನ್ ಊದುವವನು. ಅವನ ಅಂಗಡಿಯಲ್ಲಿ ಒಂದು ಹಳೇ ಟೇಪ್‌ರೆಕಾರ್ಡರ್ ಇತ್ತು. ಅದರಲ್ಲಿ ಟೋಪಿಯಣ್ಣ ಹಾಡಿದರೆ ಮೆಕ್ಯಾನಿಕನಿಗೆ ಏನೋ ಎಳೆದಂತೆ ಕೇಳಿಸುತ್ತಿತ್ತು. ನಿನ್ನ ಯಂತ್ರಕ್ಕೆ ವಯಸ್ಸಾಯಿತು ಎಂದು ಎರಡು ಸಲ ತಾನೇ ಬಿಚ್ಚಿ ಎಣ್ಣೆ ಬಿಟ್ಟುಕೊಟ್ಟಿದ್ದ.

ಮಂಗಳವಾರ ಇಬ್ಬರೂ ಕ್ಷೌರದಂಗಡಿಯಲ್ಲಿ ಮೊದಲ ಸಲ ಒಟ್ಟಿಗೆ ನುಡಿಸಲು ಕೂತರು. ಮೊದಲ ಸಾಲಿಗೇ ಇಬ್ಬರ ಮುಖವೂ ಹುಳ್ಳಗಾಯಿತು. ಗಿಟಾರು ಒಂದು ಕಡೆ, ಮೌತ್ ಆರ್ಗನ್ ಇನ್ನೊಂದು ಕಡೆ. ಹಲ್ಲು ಕಡಿದಂತೆ ಸದ್ದು. ಮತ್ತೆ ನುಡಿಸಿದರು, ಮತ್ತೆ ಅದೇ. ಮೌತ್ ಆರ್ಗನ್ನಿನ ಶ್ರುತಿ ಕಾರ್ಖಾನೆಯಲ್ಲೇ ಕೂರಿಸಿದ್ದು, ಅದನ್ನು ಏರಿಸಲೂ ಆಗದು ಇಳಿಸಲೂ ಆಗದು, ನಿನ್ನ ಗಿಟಾರೇ ತಪ್ಪು ಎಂದು ಕ್ಷೌರಿಕ. ಮೂವತ್ತು ವರ್ಷ ನೇರ ಟೋಪಿಯಣ್ಣನ ಶ್ರುತಿಗೇ ಕೂಡಿಸಿದ ಗಿಟಾರು ಇದು, ನಿನ್ನ ಪೀಪಿಯೇ ತಪ್ಪು ಎಂದು ಮೆಕ್ಯಾನಿಕ. ಮಾತಿಗೆ ಮಾತು ಬೆಳೆಯಿತು.

"ನಿನಗೆ ಕೈ ಇದೆ ಕಣೋ, ಕಿವಿ ಇಲ್ಲ," ಎಂದುಬಿಟ್ಟ ಕ್ಷೌರಿಕ.

ಮೆಕ್ಯಾನಿಕ ಗಿಟಾರನ್ನು ಚೀಲಕ್ಕೆ ತುರುಕಿ ಎದ್ದುಬಂದ. ಪೀಪಿ ಎಂದದ್ದು ತಾನೇ ಮೊದಲು ಎಂಬುದು ದಾರಿಯಲ್ಲಿ ನೆನಪಾದರೂ ತಿರುಗಿ ನೋಡಲಿಲ್ಲ.

ಬುಧವಾರ ಹೆಂಡತಿಗೆ ರಜೆ. ಗಂಡ ಊಟಕ್ಕೂ ಸರಿಯಾಗಿ ಕೂರದೆ ಮುಖ ಊದಿಸಿಕೊಂಡಿದ್ದು ನೋಡಿ ವಿಚಾರಿಸಿದಳು. ಭಾನುವಾರ ತಾನು ಹೋಗುವುದಿಲ್ಲ, ಗಿಟಾರನ್ನು ಅಟ್ಟಕ್ಕೆ ಹಾಕುತ್ತೇನೆ ಎಂದ. ಯಾರ ಕಿವಿ ಸರಿ ಅಂತ ನೀನೇ ಹೇಳು ಎಂದು ಹಿಂದಿನ ಕೋಣೆಗೆ ಕರೆದೊಯ್ದು ರೆಕಾರ್ಡು ಹಚ್ಚಿ, ಅದರ ಜೊತೆ ನುಡಿಸಿ ತೋರಿಸಿದ. ಗಿಟಾರೂ ಟೋಪಿಯಣ್ಣನೂ ಹಾಲುಜೇನಿನ ಹಾಗೆ ಕೂಡಿಕೊಂಡರು.

ಅವಳಿಗೆ ಶ್ರುತಿಯ ಗಂಧಗಾಳಿ ಇಲ್ಲ. ಆದರೆ ಎಣಿಸುವುದು ಅವಳ ಕಸುಬು. ಈ ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂದು ಕೇಳಿದಳು. ಮೂವತ್ಮೂರೂ ಮೂರನೇ ಒಂದು ಎಂದು ಅವನು ಬಿಗುಮಾನದಿಂದ ಹೇಳಿದ. ಅವಳು ಗಾಯಕ್ಕೆ ಹಚ್ಚುವ ಪಟ್ಟಿಯ ಒಂದು ಚೂರನ್ನು ರೆಕಾರ್ಡಿನ ಲೇಬಲ್ ಮೇಲೆ ಅಂಟಿಸಿ, ಕೈಗಡಿಯಾರ ನೋಡುತ್ತ, ರೋಗಿಯ ನಾಡಿ ಎಣಿಸುವ ಹಾಗೆ ತುಟಿ ಅಲ್ಲಾಡಿಸಿ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು.

"ರೀ, ಮೂವತ್ತೈದು ದಾಟ್ತಿದೆ. ನಿಮ್ಮ ಟೋಪಿಯಣ್ಣನಿಗೆ ಜ್ವರ."

ಮೆಕ್ಯಾನಿಕ ಗಿಟಾರನ್ನು ಕೆಳಗಿಟ್ಟ. ಅವನಿಗೆ ಎಲ್ಲ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಈ ಪ್ಲೇಯರಿನ ತಟ್ಟೆ ತಿರುಗಿಸುವ ಮೋಟಾರಿನ ಪುಟ್ಟ ಗಾಲಿ, ಪುಲ್ಲಿ, ಒಡೆದಿತ್ತು; ಅದು ದಪ್ಪವಾದಷ್ಟೂ ತಟ್ಟೆ ಜೋರಾಗಿ ತಿರುಗುತ್ತದೆ. ಚೂರುಗಳನ್ನು ಜೋಡಿಸಿ ಅಳತೆ ತೆಗೆದು, ಲೇತಿನಲ್ಲಿ ಹಿತ್ತಾಳೆಯದೊಂದನ್ನು ಅವನೇ ಕಡೆದಿದ್ದ. ಲೇತಿನ ಮುಂದೆ ನಿಲ್ಲುವ ಯಾರೂ ಮೊದಲೇ ಅಳತೆಗೆ ಇಳಿಸುವುದಿಲ್ಲ. ಕೂದಲೆಳೆಯಷ್ಟು ಹೆಚ್ಚು ಬಿಡುತ್ತಾರೆ. ಉಜ್ಜಿ ತೆಗೆಯಬಹುದು, ತೆಗೆದದ್ದನ್ನು ಮತ್ತೆ ಹಚ್ಚಲಾಗದು. ಅವನೂ ಬಿಟ್ಟಿದ್ದ. ಸುಮ್ಮನೆ ತಿರುಗುತ್ತದೋ ನೋಡೋಣ ಎಂದು ಕೂರಿಸಿದ. ತಿರುಗಿತು, ಟೋಪಿಯಣ್ಣ ಹಾಡಿದ, ಹೊಸ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಆ ಖುಷಿಯಲ್ಲಿ ಉಜ್ಜುವುದು ಮರೆತೇಹೋಯಿತು.

ಈಗ ಪುಲ್ಲಿಯನ್ನು ಬಿಚ್ಚಿಕೊಂಡು ಅಂಗಡಿಗೆ ಓಡಿದ. ಅದಕ್ಕೆ ಕೈ ಹಚ್ಚಲು ಮನಸ್ಸಾಗದೆ ಸರಿ ಅಳತೆಯ ಇನ್ನೊಂದನ್ನು ಕಡೆದು ತಂದು ಕೂರಿಸಿ ರೆಕಾರ್ಡು ಹಚ್ಚಿದ. ದನಿ ಅರ್ಧ ಸ್ವರ ಇಳಿದಿತ್ತು. ಟೋಪಿಯಣ್ಣ ಮೂವತ್ತು ವರ್ಷ ಹುಡುಗನಂತೆ ಹಾಡಿದವನು ಈಗ ಎದೆಯಾಳದಿಂದ, ಆತುರವಿಲ್ಲದೆ, ತುಂಬಿದ ಗಂಡಸಿನಂತೆ ಹಾಡುತ್ತಿದ್ದ. ಪ್ರತಿ ನಿಲುಗಡೆಯಲ್ಲೂ ಇವನಿಗೆ ಗೊತ್ತೇ ಇರದಿದ್ದ ಒಂದು ಉಸಿರಿತ್ತು. ಮೆಕ್ಯಾನಿಕ ನೆಲದ ಮೇಲೆ ಕೂತು ಅತ್ತ. ಅಳುತ್ತಲೇ ಇನ್ನೊಂದು ರೆಕಾರ್ಡು ತೆಗೆದ, ಮತ್ತೊಂದು ತೆಗೆದ. ಕಪಾಟಿನ ತುಂಬ ಇದ್ದದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೊಸದಾಗಿತ್ತು, ಅವನಿಗೆ ಖುಷಿ ತಡೆಯಲಾಗಲಿಲ್ಲ.

ಮರುದಿನ ಕ್ಷೌರದಂಗಡಿಗೆ ಹೋಗಿ ಹಳೇ ಪುಲ್ಲಿಯನ್ನು ಗೆಳೆಯನ ಅಂಗೈಯಲ್ಲಿಟ್ಟು ನಡೆದದ್ದೆಲ್ಲ ಹೇಳಿದ. ಕಿವಿ ಇಲ್ಲದವನು ನಾನೇ, ಮೂವತ್ತು ವರ್ಷ ದಂಡ ಎಂದ. ಕ್ಷೌರಿಕ ಪುಲ್ಲಿಯನ್ನು ಕತ್ತಿಯ ಅಲಗು ನೋಡುವಂತೆ ಬೆಳಕಿಗೆ ಹಿಡಿದು ತಿರುಗಿಸಿದ. ಅವನಿಗೆ ನಗು ಉಕ್ಕಿಬಂತು. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು ಹೇಳಿದ:

"ದಂಡ ಯಾಕೋ ಆಗುತ್ತೆ? ನಿನ್ನ ಟೋಪಿಯಣ್ಣ ಕಲಿತಿದ್ದು ಹೇಗೆ? ಕಪ್ಪು ಜನರ ರೆಕಾರ್ಡು ಹಾಕ್ಕೊಂಡು, ಬಾಗಿಲು ಮುಚ್ಕೊಂಡು. ಅವನ ಯಂತ್ರ ಎಷ್ಟು ಸುತ್ತು ತಿರುಗ್ತಿತ್ತೋ ಯಾರು ಕಂಡಿದ್ದಾರೆ? ಶ್ರುತಿ ಇಳಿಸು. ತಾಳದ ಓಟ ನಿಂದೇ ಇರಲಿ."

ಭಾನುವಾರ ರೆಕಾರ್ಡ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಡತಿ ಮುಂದಿನ ಸ್ಟೂಲಿನಲ್ಲಿ ಕೂತಿದ್ದಳು. ಮೆಕ್ಯಾನಿಕ ಅರ್ಧ ಸ್ವರ ಇಳಿಸಿದ ಗಿಟಾರು ಹಿಡಿದು, ಹೊಸ ಪುಲ್ಲಿಯ ಲೆಕ್ಕಕ್ಕೇ ನುಡಿಸಬೇಕೆಂದು ಬಿಗಿಹಿಡಿದು ಶುರುಮಾಡಿದ. ಶ್ರುತಿ ಕೂಡಿತು, ಆದರೆ ಹಾಡು ಬೇರೆಯವರ ಚಪ್ಪಲಿ ಹಾಕಿಕೊಂಡಂತೆ ತಡವರಿಸಿತು. ಎರಡನೇ ಸಾಲಿಗೆ ಕ್ಷೌರಿಕ ಮೌತ್ ಆರ್ಗನ್ ಬಾಯಿಂದ ತೆಗೆದು, ಅವನತ್ತ ಕಣ್ಣು ಮಿಟುಕಿಸಿ, ವೇದಿಕೆಯ ಹಲಗೆಯ ಮೇಲೆ ಕಾಲಲ್ಲಿ ತಾಳ ಕುಟ್ಟತೊಡಗಿದ. ಅದು ಮಂಗಳವಾರ ಅವನು ಕೇಳಿದ್ದ, ಹಿಂದಿನ ಕೋಣೆಯ ಜೋರು ತಾಳ. ಮೆಕ್ಯಾನಿಕನ ಬೆರಳುಗಳಿಗೆ ಅಷ್ಟೇ ಸಾಕಾಗಿತ್ತು, ಹಗ್ಗ ಬಿಚ್ಚಿದ ಕರುವಿನಂತೆ ಓಡಿದವು. ಮೌತ್ ಆರ್ಗನ್ ಹಿಂದೆಯೇ ಓಡಿಬಂತು. ಜನ ಚಪ್ಪಾಳೆಯ ತಾಳ ಹಾಕಿದರು. ರೆಕಾರ್ಡುಗಳ ನಡುವೆ ನಿಂತಿದ್ದ ಅಂಗಡಿಯ ಅಕ್ಕ, ಈ ಹಾಡನ್ನು ಐವತ್ತು ವರ್ಷ ಮಾರಿದ್ದೇನೆ, ಹೀಗೆ ಮಾತ್ರ ಕೇಳಿರಲಿಲ್ಲ ಎಂದು ಪಕ್ಕದವರಿಗೆ ಹೇಳುತ್ತಿದ್ದಳು.

ಮುಗಿದ ಮೇಲೆ ಬೆವರು ಸುರಿಸುತ್ತ ಕೆಳಗಿಳಿದವನು ಹೆಂಡತಿಯ ಮುಂದೆ ನಿಂತು, ಹೇಗಿತ್ತು ಎಂದು ಕೇಳಿದ. ಅವಳು ಅವನ ಮಣಿಕಟ್ಟು ಹಿಡಿದು, ಕೈಗಡಿಯಾರ ನೋಡುತ್ತ, ತುಟಿ ಅಲ್ಲಾಡಿಸಿ ಎಣಿಸಿದಳು. ನಿಮಿಷ ಮುಗಿದರೂ ಕೈ ಬಿಡಲಿಲ್ಲ.

"ಅಳತೆ ಮೀರಿ ಓಡ್ತಿದೆ," ಎಂದಳು. "ಇದನ್ನ ಮಾತ್ರ ಉಜ್ಜಿ ಸರಿಮಾಡೋಕೆ ಹೋಗಬೇಡಿ."