ಮೂರು ವರದಿ, ಒಂದು ಕಂಬಳಿ

ಎಪ್ಪತ್ತಾರರ ಫೆಬ್ರವರಿ, ತುರ್ತು ಪರಿಸ್ಥಿತಿಯ ಕಾಲ. ಕಲ್ಲು ಕ್ವಾರಿಯೊಂದರಿಂದ ಸಿಡಿಮದ್ದು ಕಳುವಾಗಿತ್ತು. ಯಾರಾದರೂ ರೈಲು ಹಳಿಗೆ ಇಟ್ಟಾರೆಂಬ ಭಯದಿಂದ ಪೊಲೀಸು, ಕಂದಾಯ, ರೈಲ್ವೆ ಮೂರನ್ನೂ ಸೇರಿಸಿ ಚಿತ್ರದುರ್ಗದಲ್ಲಿ ಒಂದು ಸಮಿತಿ ಮಾಡಿದ್ದರು. ಅದರ ಗುಮಾಸ್ತ ಹನುಮಂತಯ್ಯ. ಸಭೆಯಲ್ಲಿ ಅವನ ಕೆಲಸ ಬರೆಯುವುದು, ಮಾತಾಡುವುದಲ್ಲ.

ಅಂದು ಮೇಜಿನ ಮೇಲೆ ಮೂರು ವರದಿಗಳಿದ್ದವು. ನವೆಂಬರಿನಲ್ಲಿ ಜವನಗೊಂಡನಹಳ್ಳಿ ಕಡೆ ಕರಿ ಕಂಬಳಿಯ ಕುಂಟನೊಬ್ಬ ಗುಡ್ಡದಲ್ಲಿ ಬೆಂಕಿ ಹಾಕಿದ್ದ. ಡಿಸೆಂಬರಿನಲ್ಲಿ ಹೊಸದುರ್ಗದ ಕಡೆ ಒಬ್ಬ ಹೆಗಲ ಗಂಟನ್ನು ಯಾರಿಗೂ ಮುಟ್ಟಗೊಡಲಿಲ್ಲ. ಜನವರಿಯಲ್ಲಿ ಹೊಳಲ್ಕೆರೆ ಕಡೆ ಮತ್ತೊಬ್ಬ, ಕುರಿ ಎಷ್ಟೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಒಂದು ತಾಲ್ಲೂಕಿನ ಕಡತವನ್ನು ಇನ್ನೊಂದು ತಾಲ್ಲೂಕು ಓದುವ ರೂಢಿಯಿರಲಿಲ್ಲ.

"ಕುರಿಗಾರರ ವೇಷದಲ್ಲಿ ಮೂವರು," ಎಂದರು ಸಮಿತಿಯ ಮುಖ್ಯಸ್ಥರಾದ ಸಾಹೇಬರು. "ಮೂರೂ ಕಡೆ ಒಂದೇ ದಿನ ಹಿಡೀಬೇಕು. ಆದೇಶ ಬರೀರಿ."

ಹನುಮಂತಯ್ಯನ ಪೆನ್ನು ನಿಂತಿತು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ತರುಬುತ್ತಾ ವರ್ಷವೂ ಅದೇ ದಾರಿಯಲ್ಲಿ ಪಡುವಣಕ್ಕೆ ಹೋಗುವವನು ಅವನ ಕುಂಟ ಸೋದರಮಾವ ಚಿಕ್ಕತಿಮ್ಮಪ್ಪ. ಗಂಟಿನಲ್ಲಿರುವುದು ಅಂದೇ ಹುಟ್ಟಿದ ಮರಿ. ಆ ದಿನಗಳಲ್ಲಿ ಒಳಗೆ ಹೋದವರು ಎಂದು ಹೊರಬರುತ್ತಾರೆಂದು ಯಾರೂ ಹೇಳುತ್ತಿರಲಿಲ್ಲ. ಅವರ ಪರ ಮಾತಾಡಿದವರ ಗತಿಯೂ ಅಷ್ಟೇ.

ಕಾಫಿ ತಂದ ಜವಾನ ಮಾರಣ್ಣ ಬಗ್ಗಿ ಪಿಸುಗುಟ್ಟಿದ. "ಏನ್ರಿ ಗುಮಾಸ್ತರೆ, ಫ್ಯಾನ್ ಕೆಳಗೆ ಕುಂತು ಬೆವರ್ತೀರಲ್ಲ, ಮದ್ದು ನೀವೇ ಕದ್ರೇನು?"

ಹನುಮಂತಯ್ಯ ಪೆನ್ನು ಕೆಳಗಿಟ್ಟ. ಎದ್ದು ನಿಂತ.

"ಸಾರ್, ಮೂವರಲ್ಲ. ಒಬ್ಬನೇ."

ಸಾಹೇಬರು ತಲೆಯೆತ್ತಿ ಅವನತ್ತ ತಿರುಗಿದರು.

"ನಿಮಗೆ ಹೇಗ್ರೀ ಗೊತ್ತು?"

"ನಮ್ಮ ಮಾವ ಸಾರ್. ತಾರೀಕು ಜೋಡಿಸಿ ನೋಡ್ರಿ, ಮಂದೆ ನಡೆಯೋ ದಾರಿನೇ ಐತೆ ಅದು."

ಸಾಹೇಬರು ಮೂರು ಹಾಳೆಗಳನ್ನು ಮೊದಲ ಸಲ ಒಂದರ ಪಕ್ಕ ಒಂದಿಟ್ಟು ಓದಿದರು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಆದೇಶದ ಮೇಲೆ ಅಡ್ಡಗೆರೆ ಎಳೆದರು.

"ನಾಳೆ ನೀವೇ ಕರ್ಕೊಂಡು ಬನ್ನಿ. ಕೇಳೋದು ಕೇಳಿ ಕಳಿಸ್ತೀವಿ. ಸುಳ್ಳಾಗಿದ್ರೆ ನಿಮ್ಮನ್ನೂ ಬಿಡಲ್ಲ."

"ಆಗಲಿ ಸಾರ್."

"ಟಿಪ್ಪಣಿಗೆ ಬೇಕು. ಎಷ್ಟು ಕುರಿ ಅವನ ಹತ್ರ?"

ಹನುಮಂತಯ್ಯನಿಗೆ ಗೊತ್ತಿತ್ತು. ಎಂಟು ವರ್ಷ ಕಚೇರಿಯ ಕುರ್ಚಿಯಲ್ಲಿ ಕೂತಿದ್ದರೂ ಅವನ ನಾಲಿಗೆ ಆ ಸಂಖ್ಯೆಯ ಮುಂದೆ ಮೇಲೇಳಲಿಲ್ಲ.

"ಅದನ್ನ ನಮ್ಮಲ್ಲಿ ಹೇಳಂಗಿಲ್ಲ ಸಾರ್. ಮಂದೆಗೆ ದೃಷ್ಟಿಯಾಗ್ತೈತೆ."

ಸಾಹೇಬರು ಹೊಳಲ್ಕೆರೆಯ ವರದಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಆ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದರು.