ನಾಲ್ಕು ಬೆರಳಿನ ಹಗೇವು

"ಅಮ್ಮಾ, ಇವತ್ತೊಂದ ದಿನ ನಾಲತವಾಡಕ್ಕ ಅಲ್ಮಾಸಳ ಮನಿಗೆ ಹೋಗಿ ಬಾ. ಸಿದ್ದಾರೂಢ ಸರ್ ಬರ್ತಾರ, ಎರಡನೇ ವಿಡಿಯೋ ಐತಿ."

ಬಾಬುಲಾಲ ತಾಯಿಯ ಮುಖ ನೋಡದೆ ಹೇಳಿದ. ಖಾತುನಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋದ ಸಲಾನೂ ಮಗಳ ಮನಿಗೆ ಅಟ್ಟಿದಿ. ನನ್ನ ನೋಡಿದ್ರ ನಿಮ್ಮ ಸರ್‌ಗೆ ಜ್ವರ ಬರ್ತಾವೇನು?"

"ಹಂಗಲ್ಲಬೇ, ನಿನ್ನ ಕೈ ಕಂಡ್ರ..." ಎಂದವನು ನಾಲಿಗೆ ಕಚ್ಚಿಕೊಂಡು ಹೊರಗೆ ನಡೆದ.

ಹಿಟ್ಟಿನ ಮೇಲಿದ್ದ ಬಲಗೈ ಅಲ್ಲೇ ನಿಂತಿತು. ಆ ಕೈಗೆ ಕಿರುಬೆರಳಿಲ್ಲ.

ಸಿಂದಗಿಯ ಆ ಸಿದ್ದಾರೂಢನ ವಿಡಿಯೋಗಳೆಂದರೆ ಅವಳಿಗೂ ಇಷ್ಟವೇ. ಯಾವುದೋ ಗುಡ್ಡದ ಬಂಡೆ ತೋರಿಸಿ "ರಾಕ್ಷಸರ ಅಡಿಗೆಮನೆ ಇದು, ಬಂಧುಗಳೇ" ಎಂದನೆಂದರೆ ಓಣಿಯ ಹೆಂಗಸರೆಲ್ಲ ಉಣ್ಣುವುದನ್ನು ಮರೆತು ಕೂಡುತ್ತಿದ್ದರು. ಸುಳ್ಳಾದರೇನು, ಹೇಳುವ ಚಂದವೇ ಬೇರೆ. ಆದರೆ ತನ್ನ ಹಿತ್ತಲಿನ ಹಗೇವಿನ ಬಗ್ಗೆ ಅವನು ಏನು ಹೇಳಿದ್ದಾನೆಂದು ಮಗ ತೋರಿಸಿರಲೇ ಇಲ್ಲ. ಪಕ್ಕದ ಮನೆಯ ಹೊನ್ನವ್ವನ ಫೋನು ಕೇಳಿ ಆ ವಿಡಿಯೋ ಹಚ್ಚಿಸಿದಳು.

"ಐದು ಸಾವಿರ ವರ್ಷಗಳ ಹಿಂದೆ ಆಕಾಶದಿಂದ ಇಳಿದ ನಾಲ್ಕು ಬೆರಳಿನ ಜನ! ಹೂವಿನ ಹಿಪ್ಪರಗಿಯಲ್ಲಿ ಅವರ ಸುರಂಗ!" ಎಂದು ಫೋನು ಕೂಗಿತು. ಆಮೇಲೆ ಬಾಬುಲಾಲನ ಮುಖ ಬಂತು. "ಯಾರು ಮಾಡ್ಯಾರೋ ಗೊತ್ತಿಲ್ರಿ. ನಮ್ಮ ಮುತ್ಯಾನ ಮುತ್ಯಾಗೂ ಗೊತ್ತಿದ್ದಿಲ್ಲಂತ್ರಿ."

"ಖಾತೂ, ಆಕಾಶದಿಂದ ಯಾವಾಗ ಇಳದ ಬಂದೀಬೇ? ನನಗೊಂದ ಮಾತ ಹೇಳಲಿಲ್ಲ!" ಹೊನ್ನವ್ವ ನಗತೊಡಗಿದವಳು ಗೆಳತಿಯ ಮುಖ ನೋಡಿ ಫೋನು ಆರಿಸಿದಳು.

ಜೋಳ ತುಂಬಿಡಲು ನೆಲದೊಳಗೆ ಆ ಹಗೇವು ತೋಡಿದ್ದು ಖಾತುನಬಿಯ ಗಂಡ ಯಾಕೂಬಸಾಬ. ಅವನು ಕೆಳಗಿನಿಂದ ಬುಟ್ಟಿ ತುಂಬಿ ಕೊಟ್ಟರೆ ಹೊಸ ಸೊಸೆಯಾಗಿದ್ದ ಇವಳು ಮೇಲೆ ಎಳೆದಿದ್ದಳು. ಮಣ್ಣು, ಸಗಣಿ ಕಲಸಿ ಒಳಗೆಲ್ಲ ಸಾರಿಸಿದ್ದೂ ಇವಳೇ. ಸಾರಿಸಿದವರು ಕೊನೆಗೆ ಹಗೇವಿನ ಕೊರಳಿನ ಹಸಿಮಣ್ಣಿಗೆ ಅಂಗೈ ಒತ್ತುವುದು ಆ ಮನೆಯ ರೂಢಿ. ಅದಕ್ಕೂ ಮೊದಲೇ, ಆ ಸುಗ್ಗಿಯಲ್ಲಿ ಕುಡುಗೋಲು ಅವಳ ಕಿರುಬೆರಳು ತೆಗೆದಿತ್ತು. ಮಣ್ಣಿನಲ್ಲಿ ಮೂಡಿದ್ದು ನಾಲ್ಕೇ ಬೆರಳು. "ಇನ್ನ ಇದು ಯಾರ ಕೈಯಂತ ಯಾರೂ ಕೇಳೂ ಹಂಗಿಲ್ಲ ನೋಡು" ಎಂದು ಯಾಕೂಬಸಾಬ ನಕ್ಕಿದ್ದ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರು "ಹಗೇವಿನ ಬಾಬು" ಎಂದು ಮಗನ ಕೈ ಕುಲುಕುತ್ತಿದ್ದರು. ಮೊದಲು ಅವನನ್ನು ತಿರುಗಿಯೂ ನೋಡದವರೂ ಅವರಲ್ಲಿದ್ದರು.

ಸಿದ್ದಾರೂಢನ ಜೀಪು ಬಂದಾಗ ಹಿತ್ತಲ ತುಂಬ ಜನ. ನಾಲತವಾಡಕ್ಕೆ ಹೋಗದೆ ಉಳಿದಿದ್ದ ಖಾತುನಬಿ ಗುಂಪನ್ನು ಸರಿಸಿಕೊಂಡು ಹೋಗಿ ಹಗೇವಿನ ಬಾಯಲ್ಲಿ ಕೂತಳು. ಒಳಗೆ ಕೈ ಚಾಚಿ ಗುರುತಿನ ಮೇಲೆ ಅಂಗೈ ಇಟ್ಟಳು.

"ನೋಡಪಾ, ನಿನ್ನ ಆಕಾಶದವರು ಇಲ್ಲೇ ಕುಂತಾರ."

ಸಿದ್ದಾರೂಢ ಗರಬಡಿದಂತೆ ನಿಂತ. ಮರುಗಳಿಗೆಯೇ ಅವನ ಕಣ್ಣು ಹೊಳೆದವು. "ಕ್ಯಾಮೆರಾ ಈ ಕಡೆ! ಬಂಧುಗಳೇ, ಆ ವಂಶ ಇನ್ನೂ ಬದುಕಿದೆ!"

"ಎದರ ವಂಶೋ? ಕುಡುಗೋಲು ಕೊಯ್ದ ಬೆರಳಿದು! ಈ ಹೊನ್ನವ್ವ ತನ್ನ ಸೆರಗ ಹರದು ಕಟ್ಟ್ಯಾಳ, ಕೇಳು!"

"ಅಜ್ಜೀ, ಅದನ್ನ ಬಿಡ್ರಿ. ಜನಕ್ಕ ಅದು ಬೇಕಾಗಿಲ್ಲ."

"ಜನಕ್ಕ ಬ್ಯಾಡಂತ ನನ್ನ ಗಂಡ ಬೆವರ ಸುರಿಸಿದ್ದು ಸುಳ್ಳ ಆಕ್ಕೈತೇನು? ಅವ ಸತ್ತದ್ದು ಒಂದ ಸಲ. ನೀವು ಅವನ್ನ ಹುಟ್ಟೇ ಇಲ್ಲಂತ ಮಾಡಿದ್ರಿ!" ಅವಳು ಮಗನ ಕಡೆ ತಿರುಗಿದಳು. "ಬಾಬ್ಯಾ, ಇದನ್ನ ಯಾರು ತೋಡಿದ್ರು? ಇವನ ಡಬ್ಬಿ ಮುಂದ ಹೇಳು."

ಬಾಬುಲಾಲನ ಅಂಗಿಗೆ ಸಣ್ಣ ಮೈಕು ಸಿಕ್ಕಿಸಿದ್ದರು. ಅವನು ಅದನ್ನು ಬೆರಳಿಂದ ಮುಚ್ಚಿಕೊಂಡು, "ಮನಿಯಾಗ ನಡೀಬೇ, ಮಂದಿ ನೋಡಾಕತ್ತಾರ" ಎಂದ.

ಖಾತುನಬಿ ಎದ್ದು ಹೋದಳು. ತಿರುಗಿ ಬಂದಾಗ ಕೈಯಲ್ಲಿ ಸಗಣಿ ಕಲಸಿದ ಮಣ್ಣಿನ ಬುಟ್ಟಿ ಇತ್ತು. ಹಗೇವಿನ ಬಾಯಲ್ಲಿ ಬಾಗಿ, ಮುಷ್ಟಿಗಟ್ಟಲೆ ಮಣ್ಣನ್ನು ಆ ಗುರುತಿಗೆ ಬಡಿಯತೊಡಗಿದಳು.

"ಏ ಅಜ್ಜೀ, ಪುರಾವೆ ರೀ ಅದು!"

"ನನ್ನ ಕೈ ಅದು!"

ಒಂದು ಗೆರೆಯೂ ಉಳಿಯದಂತೆ ನುಣ್ಣಗೆ ಸವರಿ, ಹೊನ್ನವ್ವನ ಹೆಗಲು ಹಿಡಿದು ಮನೆಯತ್ತ ನಡೆದಳು. ಅವಳ ಕೈಯಿಂದ ಹಸಿಮಣ್ಣಿನ ಹೆಂಟೆಯೊಂದು ಕಳಚಿ ಬಿತ್ತು. ವಿಡಿಯೋ ನೋಡಿ ಝಳಕಿಯಿಂದ ಬಂದಿದ್ದವನೊಬ್ಬ ಬಾಗಿ ಅದನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಕರವಸ್ತ್ರದಲ್ಲಿ ಜೋಪಾನವಾಗಿ ಕಟ್ಟಿಕೊಂಡ.