ಗಂಟಿನ ಹಲಗೆ

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಪುಸ್ತಕ ಸಿಡುಕನ ಕೈಗೆ ಸಿಗದೇ ಹೋಗಿದ್ದರೆ ಒಂದು ಒಳ್ಳೆಯ ಹಲಗೆ ಉಳಿಯುತ್ತಿತ್ತು.

ಪುಸ್ತಕ ಇದ್ದದ್ದು ಸೈಟಿನ ತಗಡಿನ ಆಫೀಸಿನಲ್ಲಿ, ಇಂಜಿನಿಯರಮ್ಮನ ಮೇಜಿನ ಮೇಲೆ. ವರ್ಷದ ಮಗುವನ್ನು ಎತ್ತಿಕೊಂಡಷ್ಟು ಭಾರ. ಈ ಕಾಲದ ಹೆಸರುವಾಸಿ ಆರ್ಕಿಟೆಕ್ಟುಗಳೆಲ್ಲ ಅದರೊಳಗಿದ್ದರು, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ಒಬ್ಬರು ನೆಲದಿಂದ ಸೂರಿನವರೆಗೂ ಗಾಜೇ ಕಟ್ಟುವವರು. ‘ಒರೆಸುವವನ ಗತಿ ಏನು’ ಎಂದು ಸಿಡುಕ ಗೊಣಗಿಕೊಂಡ. ಇನ್ನೊಬ್ಬರದು ಗೋಡೆ ಬಿಳಿ, ಮೆಟ್ಟಿಲು ಬಿಳಿ, ಕುರ್ಚಿಯೂ ಬಿಳಿ. ಚಪ್ಪಲಿ ಹಾಕಿಕೊಂಡವನು ಆ ಕಡೆ ತಲೆ ಹಾಕುವ ಹಾಗಿಲ್ಲ. ಮೂರನೆಯವರು ಒದ್ದೆ ಬಟ್ಟೆ ಹಿಂಡಿದ ಹಾಗೆ ಕಟ್ಟಡವನ್ನೇ ತಿರುಚಿ ನಿಲ್ಲಿಸಿದ್ದರು. ನಾಲ್ಕನೆಯ ಅಧ್ಯಾಯ ಬೂದು ಸಾಹೇಬರದು.

ಅವರಿಗೆ ಆ ಹೆಸರಿಟ್ಟವರು ಕೆಲಸಗಾರರು. ಗಾರೆ ಮೆತ್ತದೆ, ಬಣ್ಣ ಬಳಿಯದೆ, ಕಾಂಕ್ರೀಟನ್ನು ಹುಟ್ಟಿದ ಮೈಯಲ್ಲೇ ಬಿಡುವುದು ಅವರ ಶೈಲಿ. ಕಾಂಕ್ರೀಟು ಸುರಿಯುವಾಗ ಅಡ್ಡಕ್ಕೆ ಕಟ್ಟಿದ ಮರದ ಹಲಗೆಗಳ ಎಳೆ, ಗೆರೆ, ಸುಳಿ ಎಲ್ಲವೂ ಗೋಡೆಯಲ್ಲಿ ಅಚ್ಚಾಗಿ ಉಳಿಯುತ್ತವೆ. ಕೈಯಿಟ್ಟರೆ ಕಲ್ಲು, ಕಣ್ಣಿಟ್ಟರೆ ಮರ. ಅದೂ ಅಲ್ಲದೆ ಅವರ ಒಂದೊಂದು ಕಟ್ಟಡದಲ್ಲೂ ಬಾಗಿಲ ಪಕ್ಕ, ನಿಂತವರ ಕಣ್ಣಿನ ಎತ್ತರಕ್ಕೆ, ಒಂದೇ ಒಂದು ದೊಡ್ಡ ಗಂಟಿನ ಗುರುತಿರುತ್ತದೆ. ಮರದಲ್ಲಿ ಕೊಂಬೆ ಹೊರಟ ಜಾಗದ ಗಂಟು. ಪುಸ್ತಕ ಬರೆದವರು ಅದನ್ನು ‘ಕಟ್ಟಡದ ಕಣ್ಣು’ ಎಂದು ಕರೆದು, ಅದರ ಅರ್ಥವೇನೆಂದು ಹನ್ನೆರಡು ಪುಟ ಹಿಂಜಿದ್ದರು.

ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಬಂದವನು ಸಿಡುಕ. ಬೆರಳಿಟ್ಟು ಓದುತ್ತಾನೆ, ಆದರೆ ಒಂದಕ್ಷರ ಬಿಡುವುದಿಲ್ಲ. ಹನ್ನೆರಡು ಪುಟ ಮುಗಿಸುವಷ್ಟರಲ್ಲಿ ಅವನ ಅನ್ನ ಆರಿ ಕಲ್ಲಾಗಿತ್ತು. ಮರ ಎಂಬ ಮಾತು ಒಂಬತ್ತು ಸಲ ಬಂದಿತ್ತು. ಬೆಳಕು, ಮೌನ, ಕಾಲ, ಇವುಗಳಿಗೆ ಲೆಕ್ಕವೇ ಇಲ್ಲ. ಬಡಗಿ ಎಂಬ ಮಾತು ಒಂದು ಸಲವೂ ಇರಲಿಲ್ಲ.

ಆ ಬಡಗಿ ಸಿಡುಕನ ದೊಡ್ಡಪ್ಪ. ಸೈಟಿನಲ್ಲಿ ಎಲ್ಲರಿಗೂ ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಸಾಹೇಬರ ಪ್ರತಿ ಗೋಡೆಗೂ ಹಲಗೆ ಕಟ್ಟಿದವರು ಅವರೇ. ಅಪ್ಪ ಅಮ್ಮ ಇಬ್ಬರೂ ಇಲ್ಲದಾದಾಗ ಸಿಡುಕನನ್ನು ತಂದು ಸಾಕಿ, ಉಳಿ ಹಿಡಿಯಲು ಕಲಿಸಿದವರೂ ಅವರೇ. ಈಗ ಅವರ ಎರಡೂ ಕಣ್ಣಿಗೆ ಮಂಜು ಕವಿದಿತ್ತು. ಮರವನ್ನು ಅಂಗೈಯಿಂದ ನೋಡುತ್ತಿದ್ದರು. ಸಾಹೇಬರಿಗೂ ಎಂಬತ್ತು ದಾಟಿ, ತಳ್ಳುಕುರ್ಚಿ ಬಂದಿತ್ತು. ಈ ಸೈಟಿನಲ್ಲಿ ಏಳುತ್ತಿದ್ದ ಗ್ರಂಥಾಲಯವೇ ಇಬ್ಬರಿಗೂ ಕೊನೆಯದು ಎಂದು ಇಬ್ಬರೂ ಒಪ್ಪಿದ್ದರು. ಬಾಗಿಲ ಪಕ್ಕದ ಗೋಡೆ ಒಂದು ಆದರೆ ಮೇಸ್ತ್ರಿ ಗರಗಸ ಕೆಳಗಿಡುವವರಿದ್ದರು.

ಆ ಗೋಡೆಗೆಂದೇ ಅವರು ಎಂಟು ವರ್ಷದ ಹಿಂದೆ ಮರದ ಅಂಗಡಿಯಲ್ಲಿ ಒಂದು ಹಲಗೆ ಆರಿಸಿ, ಗೋಣಿ ಸುತ್ತಿ ಇಟ್ಟಿದ್ದರು. ನಡುವೆ ಬಟ್ಟಲಿನಷ್ಟು ದೊಡ್ಡ ಗಂಟು. ಅದನ್ನು ಸಿಡುಕನ ಕೈಗೇ ಕೊಟ್ಟು, “ಇದನ್ನ ನೀನು ಹೊಡಿ ಮಗಾ. ನನ್ನ ಕಣ್ಣಿಗೆ ಮೊಳೆ ಎರಡೆರಡು ಕಾಣ್ತವೆ” ಎಂದಿದ್ದರು.

ಪುಸ್ತಕ ಓದಿದ ಸಂಜೆ ಸಿಡುಕ ಗೋಣಿ ಬಿಚ್ಚಿದ. ಅವರ ಕಣ್ಣಂತೆ. ಕೊಡುತ್ತೇನೆ ಕಣ್ಣು. ಗಂಟಿನ ಹಲಗೆಯನ್ನು ಕಟ್ಟೆಯ ಮೇಲಿಟ್ಟು, ಮೊಣಕಾಲೂರಿ, ತುಂಡು ತುಂಡಾಗಿ ಕೊಯ್ದು ಬೆಣೆ ಮಾಡಿದ. ಅದರ ಜಾಗದಲ್ಲಿ ಒಂದು ಕಲೆಯೂ ಇಲ್ಲದ ನುಣ್ಣನೆಯ ಹಲಗೆ ಹೊಡೆದ. ಇನ್ನು ಹನ್ನೆರಡು ಪುಟ ಬರೆದುಕೊಳ್ಳಲಿ, ಇದರ ಮೇಲೆ.

ಮರುದಿನ ಹನ್ನೊಂದಕ್ಕೆ ಕಾಂಕ್ರೀಟಿನ ಲಾರಿ ಬರಬೇಕಿತ್ತು. ಮುಂಭಾಗದ ಹಲಗೆ ನಿಂತಿತ್ತು, ಕಬ್ಬಿಣದ ಕಂಬಿ ಕಟ್ಟಿ ಆಗಿತ್ತು, ಹಿಂಭಾಗ ಮುಚ್ಚುವುದಷ್ಟೇ ಬಾಕಿ. ಮುಚ್ಚುವ ಮುಂಚೆ ಕಂಬಿಗಳ ನಡುವೆ ಕೈ ತೂರಿಸಿ ಒಂದೊಂದು ಹಲಗೆಯನ್ನೂ ಸವರಿ ನೋಡುವುದು ಮೇಸ್ತ್ರಿಯ ಅಭ್ಯಾಸ. ಕೂಸಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಕೈ ಬಾಗಿಲ ಪಕ್ಕಕ್ಕೆ ಬಂತು. ಕೆಳಗೆ ಹೋಯಿತು, ಮೇಲೆ ಬಂತು, ಪಕ್ಕದ ಹಲಗೆಗೆ ಹೋಗಿ ಮತ್ತೆ ಮರಳಿತು.

ಸಿಡುಕ ಬೇರೆ ಕಡೆ ನೋಡುತ್ತ ನಿಂತಿದ್ದ.

“ಲೋ, ಇಲ್ಲಿ ಬಾ” ಎಂದರು ಮೇಸ್ತ್ರಿ, ತಗ್ಗಿದ ದನಿಯಲ್ಲಿ. “ನನ್ನ ಕೈಗೂ ಮಂಜು ಬಂತಾ?”

“ಇಲ್ಲ ದೊಡ್ಡಪ್ಪ.”

“ಹಂಗಾದ್ರೆ ಗಂಟೆಲ್ಲಿ?”

“ಹಾಕಿಲ್ಲ.”

“ಮರೆತ್ಯಾ?”

“ಮರೀಲಿಲ್ಲ. ಬೇಕಂತಲೇ ಹಾಕಿಲ್ಲ.” ಸಿಡುಕ ಆಫೀಸಿನ ಕಡೆ ಕೈ ತೋರಿಸಿದ. “ಹನ್ನೆರಡು ಪುಟ ಬರ್ದಿದ್ದಾರೆ ದೊಡ್ಡಪ್ಪ, ಆ ಗಂಟಿನ ಮೇಲೆ. ಅವರ ಕಣ್ಣಂತೆ, ಅವರ ಮೌನವಂತೆ. ಹಲಗೆ ಹೊತ್ತು ನಿನ್ನ ಹೆಗಲು ಬಿದ್ದುಹೋಯ್ತು, ನಿನ್ನ ಸುದ್ದಿ ಒಂದು ಸಾಲಿಲ್ಲ. ಬಡಗಿ ಅಂತಲಾದ್ರೂ ಬೇಡವಾ? ಮರ ತಾನೇ ನಡ್ಕೊಂಡು ಬಂದು ಮೊಳೆ ಹೊಡ್ಕೊಂಡು ನಿಂತ್ಕೊಳ್ತಾ?”

ಮೇಸ್ತ್ರಿ ಕೈ ಹೊರತೆಗೆದು ಪಂಚೆಗೆ ಒರೆಸಿಕೊಂಡರು. “ಹಲಗೆ ಎಲ್ಲಿ?”

“ಬೆಣೆ ಮಾಡಿದೆ.”

“ಎಷ್ಟಾಯ್ತು?”

“ಹದಿನಾಲ್ಕು.”

ಅವರು ಕೈ ಚಾಚಿದರು. ಸಿಡುಕ ಒಂದು ಬೆಣೆ ತಂದುಕೊಟ್ಟ. ಮೇಸ್ತ್ರಿ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಮೂಸಿ ನೋಡಿದರು. “ಕೊಯ್ದಿರೋದು ನೆಟ್ಟಗಿದೆ” ಎಂದು ಅದನ್ನು ಜೇಬಿಗಿಟ್ಟುಕೊಂಡರು. ಆಮೇಲೆ ಸಿಮೆಂಟಿನ ಚೀಲದ ಮೇಲೆ ಕುಳಿತರು, ಕುಳಿತರು ಅನ್ನುವುದಕ್ಕಿಂತ ಇಳಿದುಹೋದರು.

“ಆ ಗಂಟು ಸಾಹೇಬರದ್ದಲ್ಲ ಕಣೋ, ಪೆದ್ದ. ನನ್ನದು.”

ಸಿಡುಕ ಅವರ ಎದುರು ಕುಕ್ಕರಿಸಿದ.

“ಅವರ ಮೊದಲನೇ ಕಟ್ಟಡ. ನನಗೂ ಮೇಸ್ತ್ರಿ ಅನ್ನಿಸಿಕೊಂಡು ಮೊದಲನೇ ಕೆಲಸ. ಗಂಟಿನ ಹಲಗೆ ಒಂದಿತ್ತು, ಅದನ್ನ ಗೋಡೆಯ ಆ ತುದಿಗೆ, ಬೀರು ಬರೋ ಜಾಗಕ್ಕೆ ಹಾಕೋಣ, ಯಾರಿಗೂ ಕಾಣಲ್ಲ ಅಂತ ಲೆಕ್ಕ ಹಾಕ್ಕೊಂಡೆ. ಹಿಂದೆ ನಿಂತು ಎಡದಿಂದ ಎಣಿಸಿಬಿಟ್ಟೆ. ಹಿಂದಿನ ಎಡ ಮುಂದಿನ ಬಲ ಆಗುತ್ತಲ್ಲ. ಹಲಗೆ ಬಿಚ್ಚಿದಾಗ ನೋಡಿದ್ರೆ, ಗಂಟು ಬಾಗಿಲ ಪಕ್ಕದಲ್ಲಿ ಬಂದು ಕೂತ್ಕೊಂಡು ನನ್ನೇ ನೋಡ್ತಿದೆ.”

“ಆಮೇಲೆ?”

“ಆಮೇಲೇನು, ಅತ್ತೆ. ನಿನ್ನ ದೊಡ್ಡಮ್ಮ ಆವಾಗ ಬಸುರಿ. ಕೆಲಸ ಹೋಯ್ತು ಅಂತಲೇ ಅಂದ್ಕೊಂಡೆ. ಸಾಹೇಬರು ಬಂದ್ರು, ನೋಡಿದ್ರು. ಒಂದು ಗಂಟೆ ನಿಂತೇ ಇದ್ರು. ಕಡೆಗೆ, ‘ಮೇಸ್ತ್ರಿ, ಈ ಗೋಡೆಗೆ ಇಷ್ಟು ಹೊತ್ತೂ ಮುಖ ಇರಲಿಲ್ಲ, ಈಗ ಬಂತು. ಮುಂದಿನದಕ್ಕೂ ಒಂದು ಹುಡುಕಿಟ್ಟಿರಿ’ ಅಂದ್ರು. ಪೇಪರಿನವರು ಬಂದಾಗ ನನ್ನ ಹೆಸರು ಹೇಳೋಕೆ ಬಾಯಿ ತೆಗೆದ್ರು. ನಾನೇ ಓಡಿಹೋಗಿ ತಡೆದೆ. ಎಡ ಬಲ ಗೊತ್ತಿಲ್ಲದ ಮೇಸ್ತ್ರಿ ಅಂತ ಊರೆಲ್ಲ ಗೊತ್ತಾದ್ರೆ ನಾಳೆ ಯಾರು ಕೆಲಸ ಕೊಡ್ತಾರೆ? ಯಾರಿಗೂ ಹೇಳಬೇಡಿ ಅಂತ ಮಾತು ತಗೊಂಡೆ.” ಮೇಸ್ತ್ರಿ ನಕ್ಕರು. “ಮನುಷ್ಯ ಇವತ್ತಿಗೂ ಹೇಳಿಲ್ಲ ನೋಡು. ಯಾರು ಯಾರೋ ಬಂದು ಕಣ್ಣು ಅಂತಾರೆ, ಕಾಲ ಅಂತಾರೆ. ಅವರು ಸುಮ್ನೆ ತಲೆ ಆಡಿಸ್ತಾರೆ. ಆಮೇಲೆ ನಾವಿಬ್ಬರೂ ಚಹಾ ಕುಡೀತಾ ನಗ್ತೀವಿ.”

ಸಿಡುಕನ ಸಿಟ್ಟಿಗೆ ಈಗ ನಿಲ್ಲಲು ನೆಲವೇ ಇರಲಿಲ್ಲ. ಇಡೀ ಜಗತ್ತು ದೊಡ್ಡಪ್ಪನನ್ನು ಅಳಿಸಿಹಾಕಿತೆಂದು ಕೂಗಾಡಿದವನು, ಅವರದೆಂದು ಇದ್ದ ಒಂದೇ ಒಂದು ಗುರುತನ್ನು ತಾನೇ ಕೈಯಾರೆ ಕೊಯ್ದು ಹದಿನಾಲ್ಕು ಮಾಡಿದ್ದ. ಅದೂ ಅವರ ಕೊನೆಯ ಗೋಡೆಯಲ್ಲಿ.

“ಮೇಸ್ತ್ರಿ, ಲಾರಿ ಹೊರಟಾಯ್ತಂತೆ” ಎಂದು ಇಂಜಿನಿಯರಮ್ಮ ಆಫೀಸಿನ ಬಾಗಿಲಿಂದ ಕೂಗಿದರು. “ಇನ್ನು ಮುಕ್ಕಾಲು ಗಂಟೆ.”

“ಆಗಲಿ ತಾಯಿ” ಎಂದರು ಮೇಸ್ತ್ರಿ. ಎದ್ದು, ಹಿಂಭಾಗ ಮುಚ್ಚಿ ಎಂದು ಕೈ ಸನ್ನೆ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಸಿಡುಕ ಬದುಕಿಕೊಳ್ಳುತ್ತಿದ್ದ.

ಸಿಡುಕ ಹಲಗೆಗಳ ರಾಶಿಗೆ ಓಡಿದ. ಒಂದೊಂದನ್ನೂ ಮಗುಚಿ ನೋಡಿದ. ದೊಡ್ಡಪ್ಪ ಆರಿಸಿ ತಂದ ಮರ. ಗುಬ್ಬಿ ಕಣ್ಣಿನಷ್ಟು ಗಂಟೂ ಇರಲಿಲ್ಲ. ತಿರುಗಿ ಬರುವಾಗ ಕಾಲಿಗೆ ಏನೋ ತಗುಲಿತು. ಮೇಸ್ತ್ರಿಯ ಸಾಮಾನಿನ ಪೆಟ್ಟಿಗೆ. ಉದ್ದನೆಯ ಪೆಟ್ಟಿಗೆ, ಮುಚ್ಚಳ ಒಂದೇ ಹಲಗೆಯದು. ಅದರ ಮೇಲೆ ಕುಳಿತೇ ಅವನು ಲೆಕ್ಕ ಕಲಿತಿದ್ದ, ಅನ್ನ ತಿಂದಿದ್ದ, ಜ್ವರ ಬಂದಾಗ ಮಲಗಿಯೂ ಇದ್ದ. ನಡುವಿನ ದುಂಡನೆಯ ಸುಳಿಯಲ್ಲಿ ಬೆರಳಾಡಿಸುತ್ತ ಎಷ್ಟು ಮಧ್ಯಾಹ್ನ ಕಳೆದಿದ್ದನೋ. ಇಷ್ಟು ವರ್ಷದಲ್ಲಿ ಅದು ಗಂಟು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಪೆಟ್ಟಿಗೆ ಎಂದಷ್ಟೇ ಗೊತ್ತು.

“ದೊಡ್ಡಪ್ಪ, ಈ ಮುಚ್ಚಳ ಯಾವ ಮರ?”

ಮೇಸ್ತ್ರಿ ತಿರುಗಲಿಲ್ಲ. “ಆ ಮೊದಲನೇ ಗೋಡೆಯದೇ. ಬಿಚ್ಚಿದ ಮೇಲೆ ಎಸೆಯೋಕೆ ಮನಸ್ಸಾಗಲಿಲ್ಲ.”

“ಕೀಳಲಾ?”

ಮೇಸ್ತ್ರಿ ಬಂದು ಮುಚ್ಚಳದ ಅಂಚು ಸವರಿದರು. “ತಿರುಪು ತುಕ್ಕು ಹಿಡಿದಿದೆ” ಎಂದರು ಆಮೇಲೆ. “ಎಣ್ಣೆ ಬಿಟ್ಕೊಂಡು ತಿರುಗಿಸು. ಬಡಿದು ಸೀಳಿದ್ಯೋ, ನಿನ್ನ ತಲೇನೇ ಇಡ್ತೀನಿ ಅಲ್ಲಿ.”

ಬಾಗಿಲ ಪಕ್ಕದ ಭಾಗವನ್ನು ಮೇಸ್ತ್ರಿ ಯಾವತ್ತೂ ಬಿಡಿಯಾಗಿಯೇ ಕಟ್ಟುತ್ತಿದ್ದರು. ಬೆಣೆ ಸಡಿಲಿಸಿದರೆ ಚೌಕಟ್ಟು ಸಮೇತ ಹೊರಗೆ ಬರುತ್ತದೆ. ಇಬ್ಬರೂ ಸೇರಿ ಅದನ್ನು ಎಳೆದು ನೆಲಕ್ಕೆ ಮಲಗಿಸಿದರು. ಸಿಡುಕ ನುಣ್ಣನೆಯ ಹಲಗೆಯ ನಡುವೆ, ಮುಚ್ಚಳ ಕೂರುವಷ್ಟು, ಎರಡೂಕಾಲಡಿ ಕತ್ತರಿಸಿ ತೆಗೆದ. ಮೇಸ್ತ್ರಿ ತಂತಿ ಬ್ರಷ್ಷು ಹಿಡಿದು ಮೂವತ್ತೊಂದು ವರ್ಷದ ಕೈಜಿಡ್ಡನ್ನು ಉಜ್ಜಿದರು. ಸುಳಿಯ ಎಳೆಗಳು ಒಂದೊಂದಾಗಿ ಎದ್ದವು. ಕೀಲು ಕಿತ್ತ ಜಾಗದಲ್ಲಿ ಎರಡು ತೂತು ಉಳಿದಿದ್ದವು.

“ತೂತು ಮುಚ್ಚಲಾ?”

“ಬಿಡು. ಹೊತ್ತಿಲ್ಲ. ಎಡದಿಂದ ಎಣಿಸಿದ್ಯಾ, ಬಲದಿಂದ ಎಣಿಸಿದ್ಯಾ?”

“ಎರಡೂ ಕಡೆಯಿಂದ ಎಣಿಸಿದೆ.”

“ನಿನಗೆ ಬುದ್ಧಿ ನನಗಿಂತ ಬೇಗ ಬಂತು.”

ಬೆಣೆ ಸಾಲಲಿಲ್ಲ. ಸಿಡುಕ ನಿನ್ನೆಯ ಹದಿಮೂರನ್ನು ತಂದು ಒಂದೊಂದಾಗಿ ಬಡಿದ. ಹದಿನಾಲ್ಕನೆಯದನ್ನು ಮೇಸ್ತ್ರಿ ಜೇಬಿನಿಂದ ತೆಗೆದುಕೊಟ್ಟರು. ಹಿಂಭಾಗ ಮುಚ್ಚಿ ಕೊನೆಯ ಮೊಳೆ ಹೊಡೆಯುವಾಗ ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.

ನಾಲ್ಕನೇ ದಿನ ಹಲಗೆ ಬಿಚ್ಚಿದರು. ಸಾಹೇಬರು ತಳ್ಳುಕುರ್ಚಿಯಲ್ಲಿ ಬಂದಿದ್ದರು. ಜೊತೆಗೆ ಪುಸ್ತಕ ಬರೆದ ಮಹಾಶಯರು, ಕುತ್ತಿಗೆಯಲ್ಲಿ ಕ್ಯಾಮೆರಾ, ಕೈಯಲ್ಲಿ ನೋಟ್‌ಬುಕ್ಕು. ಗೋಡೆ ಇನ್ನೂ ತಣ್ಣಗೆ, ಬೂದುಬಣ್ಣಕ್ಕೆ, ಹೊಸ ಮರದ ವಾಸನೆ ಬೀರುತ್ತಿತ್ತು. ಬಾಗಿಲ ಪಕ್ಕದಲ್ಲಿ ಗಂಟು ಬಂದಿತ್ತು. ಅದರ ಮೇಲುಗಡೆ, ಕೀಲಿನ ತೂತುಗಳಿಗೆ ಕಾಂಕ್ರೀಟು ತುಂಬಿ ಎದ್ದ, ಎರಡು ಪುಟ್ಟ ಮೊಳಕೆಯಂಥ ಚುಕ್ಕಿ.

ಸಾಹೇಬರು ಕುರ್ಚಿಯಿಂದ ಎದ್ದು ನಿಲ್ಲಲು ನೋಡಿದರು. ಸಿಡುಕನೇ ಹೋಗಿ ತೋಳು ಕೊಟ್ಟ. ಗುಬ್ಬಚ್ಚಿಯಷ್ಟು ಹಗುರವಾಗಿದ್ದರು. ಅಂಗೈಯನ್ನು ಸುಳಿಯ ಮೇಲಿಟ್ಟು ಕಣ್ಣು ಮುಚ್ಚಿದರು.

“ಮೇಸ್ತ್ರಿ” ಎಂದರು. “ಇದು ಅದೇ ಅಲ್ಲವಾ?”

“ಅದೇ.”

“ಪೆಟ್ಟಿಗೆ ಏನಾಯ್ತು?”

“ಬಾಯಿ ಬಿಟ್ಕೊಂಡು ಕೂತಿದೆ.”

ಇಬ್ಬರೂ ನಕ್ಕರು. ಬರೆಯುವವರಿಗೆ ತಲೆಬುಡ ತಿಳಿಯಲಿಲ್ಲ. “ಈ ಎರಡು ಚುಕ್ಕಿ ಮೊದಲ ಸಲ ಬಂದಿವೆ. ಇದರ ಅರ್ಥ ಏನು ಸಾರ್?” ಎಂದು ಪೆನ್ನು ತೆರೆದರು.

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. “ಇನ್ನಾದ್ರೂ ಹೇಳಬಹುದಾ?”

“ಇನ್ಯಾರು ಕೆಲಸದಿಂದ ತೆಗೀತಾರೆ ನನ್ನ. ಹೇಳಿ.”

“ನೀವೇ ಹೇಳಿ. ಬಾಯಿ ಮುಚ್ಚಿಕೊಂಡು ಮುಚ್ಚಿಕೊಂಡು ನನಗೆ ಹೇಳೋ ಅಭ್ಯಾಸ ತಪ್ಪಿಹೋಗಿದೆ.”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಹಿಂದೆ ನಿಂತು ಎಡದಿಂದ ಎಣಿಸಿದ ಕಥೆ ಶುರು ಮಾಡಿದರು. ಸಿಡುಕ ಬರೆಯುವವರ ಪಕ್ಕಕ್ಕೆ ಬಂದು ನೋಟ್‌ಬುಕ್ಕಿನೊಳಗೆ ಇಣುಕುತ್ತ ನಿಂತ. ಪೆನ್ನು ನಿಂತಾಗಲೆಲ್ಲ, “ಅದನ್ನೂ ಬರ್ಕೊಳ್ಳಿ ಸಾರ್” ಎನ್ನುತ್ತಿದ್ದ. ಬಡಗಿ ಎಂಬ ಮಾತನ್ನು ಕಣ್ಣಾರೆ ಕಂಡ ಮೇಲೆಯೇ ಅವನು ಅಲ್ಲಿಂದ ಕದಲಿದ್ದು.

ಸಂಜೆ ಅವನು ಉಳಿದಿದ್ದ ಆ ನುಣ್ಣನೆಯ ಹಲಗೆಯ ತುಂಡನ್ನು ಕೀಸಿ, ಹೊಸ ಕೀಲು ಹಾಕಿ, ಪೆಟ್ಟಿಗೆಗೆ ಕೂರಿಸಿದ. ಕೂದಲು ತೂರದ ಹಾಗೆ ಕೂತಿತ್ತು. ಮೇಸ್ತ್ರಿ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿದರು, ಇನ್ನೊಮ್ಮೆ ಆಡಿಸಿದರು.

“ಚೆನ್ನಾಗಿದೆ” ಎಂದರು. “ಆದ್ರೆ ಇದರಲ್ಲಿ ಗಂಟೇ ಇಲ್ಲವಲ್ಲೋ. ಬೇರೆ ಹುಡುಕು.”